ಗೇಮಿಂಗ್ ಪಿಸಿಗೆ ರ್ಯಾಮ್ ಎಷ್ಟು ಬೇಕು: 16 ಸಾಕಾ, 32 ಬೇಕಾ?

ಗೇಮಿಂಗ್ ಪಿಸಿ ಕಟ್ಟುವವರಿಗೆ ಮೊದಲೆಲ್ಲ ರ್ಯಾಮ್ ಒಂದು ತಲೆನೋವೇ ಆಗಿರಲಿಲ್ಲ. ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡು, ಉಳಿದ ದುಡ್ಡಿನಲ್ಲಿ ಎಷ್ಟು ಬರುತ್ತದೋ ಅಷ್ಟು ರ್ಯಾಮ್ ಹಾಕಿಸಿದರೆ ಮುಗಿಯುತ್ತಿತ್ತು. 2025ರ ಕೊನೆಯ ಹೊತ್ತಿಗೆ ಆ ಸುಖ ಹೋಯಿತು. ಜಗತ್ತಿನ ಮೆಮೊರಿ ಚಿಪ್‌ಗಳಲ್ಲಿ ಬಹುಪಾಲು ತಯಾರಾಗುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳಲ್ಲಿ. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನು ಬಾಚಿಕೊಳ್ಳತೊಡಗಿದ ಮೇಲೆ ಮೂವರ ಗಮನವೂ ಆ ಕಡೆ ತಿರುಗಿತು, ನಾವು ನೀವು ಕೊಳ್ಳುವ ರ್ಯಾಮ್ ದುಬಾರಿಯಾಯಿತು. ಮೈಕ್ರಾನ್ ಅಂತೂ 2025ರ ಡಿಸೆಂಬರ್‌ನಲ್ಲಿ ಕ್ರೂಶಿಯಲ್ ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿಬಿಟ್ಟಿತು.

ಹಾಗಾಗಿ "ಇರಲಿ ಬಿಡು, ಜಾಸ್ತಿನೇ ಹಾಕಿಸೋಣ" ಅನ್ನುವ ಹಳೇ ಧೋರಣೆ ಈಗ ಜೇಬಿಗೆ ಭಾರ. ಎಷ್ಟು ಬೇಕು ಅಂತ ಸರಿಯಾಗಿ ಗೊತ್ತಿರಬೇಕು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇವತ್ತಿನ ಭಾರಿ ಆಟಗಳಿಗೆ 16 ಜಿಬಿ ಕನಿಷ್ಠ, 32 ಜಿಬಿ ನೆಮ್ಮದಿ, 64 ಜಿಬಿ ಕೆಲವೇ ಕೆಲವರಿಗೆ. ಆದರೆ ನಿಮ್ಮ ಆಟ, ನಿಮ್ಮ ಪಿಸಿ, ನಿಮ್ಮ ಅಭ್ಯಾಸಕ್ಕೆ ಇದರಲ್ಲಿ ಯಾವುದು ಸರಿ ಅಂತ ತೀರ್ಮಾನಿಸಬೇಕಾದರೆ ಒಳಗೆ ಏನು ನಡೆಯುತ್ತದೆ ಅನ್ನುವುದು ಸ್ವಲ್ಪ ಗೊತ್ತಿರಬೇಕು. ಒಂದು ಮಾತು ಮಾತ್ರ ಈಗಲೇ ಮನಸ್ಸಿನಲ್ಲಿರಲಿ: ರ್ಯಾಮ್ ಅಳತೆ ಅನ್ನುವುದು ವೇಗದ ವಿಷಯ ಅಲ್ಲ, ಸಾಲುವ ಸಾಲದಿರುವ ವಿಷಯ. ಸಾಲದಿದ್ದರೆ ಆಟ ಕೆಟ್ಟದಾಗಿ ಮುಗ್ಗರಿಸುತ್ತದೆ. ಒಮ್ಮೆ ಸಾಕಾಯಿತು ಅಂದಮೇಲೆ ಇನ್ನೆಷ್ಟು ಸುರಿದರೂ ಒಂದು ಫ್ರೇಮ್ (ತೆರೆಗೆ ಒಂದರ ಹಿಂದೆ ಒಂದು ಬರುವ ಚಿತ್ರ) ಕೂಡ ಜಾಸ್ತಿ ಬರುವುದಿಲ್ಲ.

ರ್ಯಾಮ್ ಇರುವುದು ಯಾತಕ್ಕೆ

ನೂರು ಜಿಬಿ ಇರುವ ಆಟವನ್ನು ನೀವು ಎಸ್‌ಎಸ್‌ಡಿಗೋ ಹಾರ್ಡ್ ಡಿಸ್ಕ್‌ಗೋ ಇಳಿಸಿಕೊಂಡಿರುತ್ತೀರಿ. ಆದರೆ ಪ್ರೊಸೆಸರ್ ಅಲ್ಲಿಂದಲೇ ನೇರವಾಗಿ ಕೆಲಸ ಮಾಡಲಾರದು. ಒಂದು ನಾಟಕ ನಡೆಯುತ್ತಿದೆ ಅಂದುಕೊಳ್ಳಿ. ತಂಡದ ಎಲ್ಲ ಸೀನರಿ, ವೇಷಭೂಷಣ, ಸಾಮಾನು ದೂರದ ಗೋದಾಮಿನಲ್ಲಿವೆ. ಮುಂದಿನ ದೃಶ್ಯಕ್ಕೆ ಬೇಕಾದಷ್ಟನ್ನು ಮಾತ್ರ ಪರದೆಯ ಹಿಂದೆ ತಂದು ಜೋಡಿಸಿಟ್ಟಿರುತ್ತಾರೆ. ಪರದೆ ಹಿಂದಿನ ಜಾಗವೇ ರ್ಯಾಮ್, ಗೋದಾಮೇ ಡಿಸ್ಕ್. ಜಾಗ ಸಾಕಷ್ಟಿದ್ದರೆ ದೃಶ್ಯ ಬದಲಾದದ್ದೇ ಗೊತ್ತಾಗುವುದಿಲ್ಲ. ಇಕ್ಕಟ್ಟಾಗಿದ್ದರೆ ಪಾತ್ರಧಾರಿ ರಂಗದ ಮೇಲೆ ಬಾಯಿ ಬಿಟ್ಟುಕೊಂಡು ನಿಂತಿರುತ್ತಾನೆ, ಯಾರೋ ಗೋದಾಮಿಗೆ ಓಡಿರುತ್ತಾರೆ.

ಆ ಓಟ ಎಷ್ಟು ದೂರದ್ದು ಅನ್ನುವುದನ್ನು ಅಂಕಿಯಲ್ಲಿ ನೋಡಿದರೆ ಗಾಬರಿಯಾಗುತ್ತದೆ. ಆಟ ಸೆಕೆಂಡಿಗೆ 60 ಫ್ರೇಮ್ ಓಡಬೇಕಾದರೆ ಒಂದೊಂದು ಫ್ರೇಮಿಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಆ ಸಮಯದೊಳಗೆ ಎಲ್ಲ ಲೆಕ್ಕವೂ ಮುಗಿದು ಚಿತ್ರ ತೆರೆಗೆ ಬರಬೇಕು. ಪ್ರೊಸೆಸರ್ ರ್ಯಾಮ್‌ನಿಂದ ಒಂದು ತುಣುಕು ಮಾಹಿತಿ ತರಲು ಹೆಚ್ಚುಕಡಿಮೆ 100 ನ್ಯಾನೊಸೆಕೆಂಡ್ ಹಿಡಿಯುತ್ತದೆ, ಅಂದರೆ ಒಂದು ಮಿಲಿಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲು. ಅದೇ ತುಣುಕು ಒಳ್ಳೆಯ ಎಸ್‌ಎಸ್‌ಡಿಯಿಂದ ಬರಬೇಕಾದರೆ ಸುಮಾರು ಸಾವಿರ ಪಟ್ಟು ತಡ. ತಿರುಗುವ ಹಾರ್ಡ್ ಡಿಸ್ಕ್ ಆದರೆ ಸುಮಾರು 10 ಮಿಲಿಸೆಕೆಂಡ್, ರ್ಯಾಮ್‌ಗಿಂತ ಒಂದು ಲಕ್ಷ ಪಟ್ಟು. ಒಂದೇ ಒಂದು ಸಲ ಹಾರ್ಡ್ ಡಿಸ್ಕ್ ತನಕ ಹೋಗಿಬಂದರೆ ಒಂದು ಫ್ರೇಮಿನ ಅರ್ಧಕ್ಕಿಂತ ಜಾಸ್ತಿ ಸಮಯ ಅಲ್ಲೇ ಕಳೆದುಹೋಯಿತು. ಇನ್ನು ಒಂದರ ಹಿಂದೆ ಒಂದರಂತೆ ನೂರು ಸಲ ಹೋಗಬೇಕಾಗಿ ಬಂದರೆ? ತೆರೆ ಒಂದು ಸೆಕೆಂಡು ಹಾಗೇ ನಿಂತುಬಿಡುತ್ತದೆ. ಆಟ ಆಡುವವರು "ಸ್ಟಟರ್ ಆಗ್ತಿದೆ" ಅನ್ನುವುದು ಇದಕ್ಕೇ.

ಆಟದವರೂ ಇದನ್ನು ಬಲ್ಲರು. ಓಪನ್ ವರ್ಲ್ಡ್ (ಬೇಕಾದ ಕಡೆ ತಿರುಗಾಡಬಹುದಾದ) ಆಟಗಳಲ್ಲಿ ನೀವು ಕಾರು ಓಡಿಸುತ್ತಿದ್ದರೆ ಮುಂದಿನ ಬೀದಿ, ಅದರ ಕಟ್ಟಡ, ಅಲ್ಲಿ ಓಡಾಡುವ ಜನ, ಸದ್ದು, ಎಲ್ಲವನ್ನೂ ನೀವು ತಲುಪುವ ಮೊದಲೇ ರ್ಯಾಮ್‌ಗೆ ತಂದಿಟ್ಟು, ಹಿಂದೆ ಬಿಟ್ಟುಬಂದ ಬೀದಿಯನ್ನು ಹೊರಗೆ ಹಾಕುತ್ತಾ ಹೋಗುತ್ತವೆ. ಇದಕ್ಕೆ ಸ್ಟ್ರೀಮಿಂಗ್ ಅನ್ನುತ್ತಾರೆ. ಸ್ಟಾರ್‌ಫೀಲ್ಡ್‌ನಂಥ ಆಟಗಳು ಎಸ್‌ಎಸ್‌ಡಿ ಇರಲೇಬೇಕು ಅಂತ ಷರತ್ತು ಹಾಕುವುದು ಈ ಕಾರಣಕ್ಕೇ. ಹಾರ್ಡ್ ಡಿಸ್ಕ್‌ನಲ್ಲಿ ಆಡುತ್ತಾ ಆಟ ಎಡವಿದಾಗ ರ್ಯಾಮ್ ಬೈಯುವವರು ಬೇಕಾದಷ್ಟು ಜನ ಇದ್ದಾರೆ. ಅವರು ಮೊದಲು ಬದಲಿಸಬೇಕಾದ್ದು ಡಿಸ್ಕನ್ನು.

ಪಿಸಿಯಲ್ಲಿ ಮೆಮೊರಿ ಎರಡು ಬಗೆ

ಜನ ಅತಿ ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಮದರ್‌ಬೋರ್ಡ್ ಮೇಲೆ ಉದ್ದದ ಪಟ್ಟಿಯ ಹಾಗೆ ಕೂರುವ ಸ್ಟಿಕ್‌ಗಳಿವೆಯಲ್ಲ, ಅದು ಸಿಸ್ಟಮ್ ರ್ಯಾಮ್. ಪ್ರೊಸೆಸರ್ ಬಳಸುವುದು ಇದನ್ನು. ಗ್ರಾಫಿಕ್ಸ್ ಕಾರ್ಡ್‌ನೊಳಗೆ ಅದಕ್ಕೇ ಮೀಸಲಾದ ಬೇರೆ ಮೆಮೊರಿ ಇದೆ, ಅದು ವಿಡಿಯೊ ರ್ಯಾಮ್. "8 ಜಿಬಿ ಕಾರ್ಡ್", "12 ಜಿಬಿ ಕಾರ್ಡ್" ಅನ್ನುವುದು ಎರಡನೆಯದನ್ನು. ಒಂದು ಕಡಿಮೆಯಾದರೆ ಇನ್ನೊಂದನ್ನು ಹೆಚ್ಚಿಸಿ ಸರಿದೂಗಿಸಲು ಆಗುವುದಿಲ್ಲ.

ತೆರೆಯ ಮೇಲೆ ಕಾಣುವುದೆಲ್ಲ ಬಹುಪಾಲು ವಿಡಿಯೊ ರ್ಯಾಮ್‌ನ ಪಾಲು. ಅದರಲ್ಲೂ ಟೆಕ್ಸ್ಚರ್‌ಗಳದ್ದೇ ದರ್ಬಾರು. ಟೆಕ್ಸ್ಚರ್ ಅಂದರೆ ಗೋಡೆ, ಬಟ್ಟೆ, ಚರ್ಮ ಇವುಗಳ ಮೇಲೆ ಅಂಟಿಸುವ ಚಿತ್ರ. ಒಂದನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ಅಗಲ 4096, ಎತ್ತರ 4096 ಪಿಕ್ಸೆಲ್ ಇರುವ ಒಂದು ಟೆಕ್ಸ್ಚರ್‌ನಲ್ಲಿ ಸುಮಾರು 1 ಕೋಟಿ 68 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಪ್ರತಿ ಪಿಕ್ಸೆಲ್‌ಗೆ 4 ಬೈಟ್ ಅಂದರೆ 64 ಎಂಬಿ ಆಯಿತು. ಆಟಗಳು ಅದನ್ನು ಹಾಗೇ ಇಡುವುದಿಲ್ಲ, ಕುಗ್ಗಿಸಿ ಪಿಕ್ಸೆಲ್‌ಗೆ ಒಂದು ಬೈಟ್‌ಗೆ ಇಳಿಸುತ್ತವೆ, ಆಗ 16 ಎಂಬಿ. ದೂರದಿಂದ ನೋಡುವಾಗ ಬಳಸಲು ಅದರದ್ದೇ ಚಿಕ್ಕ ಚಿಕ್ಕ ಪ್ರತಿಗಳನ್ನೂ ಜೊತೆಗಿಡುತ್ತವೆ, ಅದಕ್ಕೆ ಇನ್ನೊಂದು ಮೂರನೇ ಒಂದು ಪಾಲು ಸೇರಿ 21 ಎಂಬಿ ಚಿಲ್ಲರೆ. ಇದು ಬರೀ ಬಣ್ಣ. ಮೇಲ್ಮೈಯ ಏರುತಗ್ಗು, ಹೊಳಪು ಇವಕ್ಕೆ ಬೇರೆ ಬೇರೆ ಟೆಕ್ಸ್ಚರ್ ಬೇಕು. ಒಂದು ಪಾತ್ರ ತೊಟ್ಟ ಕೋಟು ಒಂದಕ್ಕೇ 60 ಎಂಬಿ ಹೋಯಿತು! ತೆರೆಯ ಮೇಲೆ ಇಂಥವು ನೂರಾರು ಇರುತ್ತವೆ.

ಈಗ ಅದೇ ಟೆಕ್ಸ್ಚರನ್ನು 2048ಕ್ಕೆ ಇಳಿಸಿ ನೋಡಿ. ಅಗಲ ಅರ್ಧ, ಎತ್ತರ ಅರ್ಧ, ಜಾಗ ಕಾಲುಭಾಗ. ಟೆಕ್ಸ್ಚರ್ ಕ್ವಾಲಿಟಿ ಅನ್ನುವ ಸೆಟ್ಟಿಂಗನ್ನು ಅಲ್ಟ್ರಾದಿಂದ ಹೈಗೆ ಒಂದು ಮೆಟ್ಟಿಲು ಇಳಿಸಿದ ಕೂಡಲೇ ಎಷ್ಟೋ ಆಟಗಳು ದಿಢೀರನೆ ಸರಾಗವಾಗುವುದಕ್ಕೆ ಇದೇ ಕಾರಣ.

ರೆಸಲ್ಯೂಶನ್ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. 4ಕೆಯಲ್ಲಿ ಆಡಬೇಕಾದರೆ ರ್ಯಾಮ್ ಡಬಲ್ ಬೇಕು ಅನ್ನುತ್ತಾರೆ. 4ಕೆ ತೆರೆಯ ಒಂದು ಪೂರ್ತಿ ಚಿತ್ರಕ್ಕೆ ಬೇಕಾದ್ದು 3840 ಗುಣಿಲೆ 2160 ಗುಣಿಲೆ 4 ಬೈಟ್, ಅಂದರೆ ಸುಮಾರು 33 ಎಂಬಿ. ಒಂದು ಫ್ರೇಮ್ ತಯಾರಿಸಲು ಇಂಥವು ಹಲವು ಬೇಕಾಗುತ್ತವೆ, ನಿಜ. ಆದರೆ ಅದಷ್ಟೂ ಹೋಗುವುದು ವಿಡಿಯೊ ರ್ಯಾಮ್‌ಗೆ. 1080ಪಿಯಿಂದ 4ಕೆಗೆ ಹೋದರೆ ಸಿಸ್ಟಮ್ ರ್ಯಾಮ್ ಬಳಕೆ ಹೆಚ್ಚೇನೂ ಬದಲಾಗುವುದಿಲ್ಲ.

ಹಾಗಾದರೆ ಸಿಸ್ಟಮ್ ರ್ಯಾಮ್‌ನಲ್ಲಿ ಇರುವುದು ಏನು? ಆಟದ ಲೋಕದ ಲೆಕ್ಕಾಚಾರವೆಲ್ಲ ಅಲ್ಲೇ. ಯಾವ ಪಾತ್ರ ಎಲ್ಲಿದೆ, ಯಾವ ಬಾಗಿಲು ತೆರೆದಿದೆ, ಶತ್ರು ಯಾವ ದಾರಿಯಲ್ಲಿ ಬರಬೇಕು, ಅನಿಮೇಶನ್, ಧ್ವನಿ, ಡಿಸ್ಕ್‌ನಿಂದ ಬಂದು ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಲು ಸಾಲಿನಲ್ಲಿ ನಿಂತಿರುವ ಸಾಮಾನು. ವಿಮಾನ ಹಾರಿಸುವ ಆಟ, ನಗರ ಕಟ್ಟುವ ಆಟಗಳು ರ್ಯಾಮ್ ಜಾಸ್ತಿ ತಿನ್ನುವುದು ಇದಕ್ಕೇ. ಅಲ್ಲಿ ಪ್ರತಿಯೊಬ್ಬ ನಾಗರಿಕನದ್ದೂ ಪ್ರತಿ ವಾಹನದ್ದೂ ಲೆಕ್ಕ ಇಡಬೇಕು, ಅದು ತೆರೆಯ ಮೇಲೆ ಕಾಣಲಿ ಬಿಡಲಿ.

ವಿಡಿಯೊ ರ್ಯಾಮ್ ತುಂಬಿ ತುಳುಕಿದರೆ ಹೆಚ್ಚಾದದ್ದು ಸಿಸ್ಟಮ್ ರ್ಯಾಮ್‌ಗೆ ಬಂದು ಬೀಳುತ್ತದೆ. ಕೆಲಸ ನಿಲ್ಲುವುದಿಲ್ಲ, ಆದರೆ ಕುಂಟುತ್ತದೆ. ಆರ್‌ಟಿಎಕ್ಸ್ 4060 ಕಾರ್ಡ್ ತನ್ನದೇ 8 ಜಿಬಿ ಮೆಮೊರಿಯೊಂದಿಗೆ ಸೆಕೆಂಡಿಗೆ 272 ಜಿಬಿ ವೇಗದಲ್ಲಿ ವ್ಯವಹರಿಸುತ್ತದೆ. ಅದೇ ಕಾರ್ಡ್ ಮದರ್‌ಬೋರ್ಡ್ ಮೂಲಕ ಸಿಸ್ಟಮ್ ರ್ಯಾಮ್ ಮುಟ್ಟಬೇಕಾದರೆ ಸಿಗುವುದು ಸುಮಾರು 16 ಜಿಬಿ. 8 ಜಿಬಿ ಕಾರ್ಡ್ ಇಟ್ಟುಕೊಂಡು ಅಲ್ಟ್ರಾ ಟೆಕ್ಸ್ಚರ್ ಹಾಕಿ, ಆಟ ಮುಗ್ಗರಿಸಿತು ಅಂತ ರ್ಯಾಮ್ 64 ಮಾಡಿಸಿದರೆ ಸುಮ್ನೆ ದುಡ್ಡು ದಂಡ.

16 ಜಿಬಿಯಲ್ಲಿ ಆಟಕ್ಕೆ ಸಿಗುವುದು ಎಷ್ಟು

ಪೂರ್ತಿ 16 ಅಂತೂ ಸಿಗುವುದಿಲ್ಲ. ವಿಂಡೋಸ್ 11 ಮತ್ತು ಅದರ ಹಿಂದೆ ಸದ್ದಿಲ್ಲದೆ ಓಡುವ ಆ್ಯಂಟಿವೈರಸ್, ಡ್ರೈವರ್, ಕ್ಲೌಡ್ ಬ್ಯಾಕಪ್ ಮುಂತಾದವು ಸೇರಿ 3ರಿಂದ 5 ಜಿಬಿ ಹಿಡಿದುಕೊಂಡಿರುತ್ತವೆ. ಸ್ಟೀಮ್, ಡಿಸ್ಕಾರ್ಡ್‌ಗೆ ಇನ್ನೊಂದಿಷ್ಟು. ಬ್ರೌಸರ್‌ನಲ್ಲಿ ಹತ್ತಿಪ್ಪತ್ತು ಟ್ಯಾಬ್ ತೆರೆದಿಟ್ಟೇ ಆಟಕ್ಕೆ ಕೂರುವ ಅಭ್ಯಾಸ ನಿಮಗಿದ್ದರೆ ಅಲ್ಲೇ 2-3 ಜಿಬಿ ಹೋಯಿತು. ಉಳಿದದ್ದು 8-10 ಜಿಬಿ. ಭಾರಿ ಆಟವೊಂದು 10-12 ಜಿಬಿ ಕೇಳಿದರೆ ಜಗ್ಗಾಟ ಶುರು. ಎಲ್ಲವನ್ನೂ ಮುಚ್ಚಿ ಬರೀ ಆಟ ಆಡುವವನಿಗೆ 16 ಸಾಕಾಗಿ, ಅದೇ ಆಟ ಆಡುತ್ತಾ ಅದನ್ನು ಇಂಟರ್ನೆಟ್‌ನಲ್ಲಿ ಸ್ಟ್ರೀಮ್ (ನೇರ ಪ್ರಸಾರ) ಮಾಡುವ ಅವನ ಗೆಳೆಯನಿಗೆ ಸಾಲದೇ ಹೋಗುವುದು ಹೀಗೆ. ಇಬ್ಬರೂ ಸರಿ.

ಸಾಲದಾಗ ಏನಾಗುತ್ತದೆ

ಆಟ ತೆರೆಯುವುದೇ ಇಲ್ಲ ಅಂತೇನಿಲ್ಲ. ರ್ಯಾಮ್ ತುಂಬಿದಾಗ ವಿಂಡೋಸ್ ಸದ್ಯಕ್ಕೆ ಬೇಡದ್ದು ಅನ್ನಿಸಿದ್ದನ್ನು ಡಿಸ್ಕ್‌ನ ಮೇಲಿರುವ ಪೇಜ್ ಫೈಲ್‌ಗೆ ಸಾಗಿಸುತ್ತದೆ. ಬೇಕಾದಾಗ ವಾಪಸ್ ತರುತ್ತದೆ. ಆ ಹೋಗಿಬರುವ ತಡ ಎಷ್ಟು ಅಂತ ಮೇಲೆ ನೋಡಿದೆವಲ್ಲ.

ಇಲ್ಲಿ ಎಚ್ಚರಿಕೆಯಿಂದ ನೋಡಬೇಕಾದ್ದು ಒಂದಿದೆ. ರ್ಯಾಮ್ ಕೊರತೆ ಸರಾಸರಿ ಫ್ರೇಮ್ ರೇಟ್‌ನಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಮೂಲೆಯಲ್ಲಿ 75 ಎಫ್‌ಪಿಎಸ್ (ಸೆಕೆಂಡಿಗೆ 75 ಫ್ರೇಮ್) ಅಂತ ತೋರಿಸುತ್ತಿರುತ್ತದೆ, ಆದರೆ ಕ್ಯಾಮೆರಾ ತಿರುಗಿಸಿದಾಗ, ಹೊಸ ಜಾಗಕ್ಕೆ ಕಾಲಿಟ್ಟಾಗ, ಜಗಳ ಶುರುವಾದಾಗ ಗಕ್ಕನೆ ನಿಲ್ಲುತ್ತದೆ. ಹಾಗಾಗಿಯೇ ಯಂತ್ರ ಪರೀಕ್ಷಿಸುವವರು ಸರಾಸರಿಯ ಜೊತೆಗೆ "1% ಲೋ" ಅಂತ ಇನ್ನೊಂದು ಅಂಕಿ ಕೊಡುತ್ತಾರೆ. ಅತಿ ನಿಧಾನವಾದ ಶೇಕಡಾ ಒಂದು ಫ್ರೇಮ್‌ಗಳು ಎಷ್ಟು ವೇಗದಲ್ಲಿ ಬಂದವು ಅನ್ನುವ ಲೆಕ್ಕ ಅದು. ಸರಾಸರಿ 75, 1% ಲೋ 20 ಇದ್ದರೆ ಆಡಲು ಕಿರಿಕಿರಿ. ಎರಡೂ ಹತ್ತಿರ ಹತ್ತಿರ ಇದ್ದರೆ ಸರಾಸರಿ 60 ಆದರೂ ಹಾಯಾಗಿರುತ್ತದೆ.

ಕೆಲವು ಹೊಸ ಆಟಗಳು ಮುಗ್ಗರಿಸುವ ಬದಲು ಬೇರೆ ಉಪಾಯ ಮಾಡುತ್ತವೆ. ಜಾಗ ಸಾಲದಿದ್ದರೆ ಮಸುಕಾದ ಟೆಕ್ಸ್ಚರ್ ತಂದು ಅಂಟಿಸಿ ಸುಮ್ಮನಾಗುತ್ತವೆ. ಗೋಡೆಯ ಮೇಲಿನ ಪೋಸ್ಟರ್ ಮಂಜಾಗಿ ಕಂಡು, ಐದು ಸೆಕೆಂಡ್ ಬಿಟ್ಟು ಸ್ಪಷ್ಟವಾದರೆ ಅದು ಇದೇ. ಸಾಮಾನ್ಯವಾಗಿ ಆಗ ಕಮ್ಮಿ ಬಿದ್ದಿರುವುದು ವಿಡಿಯೊ ರ್ಯಾಮ್.

ಪೇಜ್ ಫೈಲ್ ಬಗ್ಗೆ ಒಂದು ಕೆಟ್ಟ ಸಲಹೆ ಓಡಾಡುತ್ತಿರುತ್ತದೆ: "ರ್ಯಾಮ್ ಜಾಸ್ತಿ ಇದೆಯಲ್ಲ, ಪೇಜ್ ಫೈಲ್ ಆಫ್ ಮಾಡಿಬಿಡಿ, ಸ್ಪೀಡ್ ಬರುತ್ತೆ." ಮಾಡಬೇಡಿ. ಪ್ರೋಗ್ರಾಮ್‌ಗಳು ಈಗ ಬಳಸದಿದ್ದರೂ ಮುಂದೆ ಬೇಕಾದೀತು ಅಂತ ಜಾಗ ಕಾದಿರಿಸಿಕೊಳ್ಳುತ್ತವೆ, ವಿಂಡೋಸ್ ಅದಕ್ಕೆ ರ್ಯಾಮ್ ಮತ್ತು ಪೇಜ್ ಫೈಲ್ ಎರಡನ್ನೂ ಕೂಡಿಸಿ ಮಿತಿ ಹಾಕುತ್ತದೆ. ಪೇಜ್ ಫೈಲ್ ತೆಗೆದರೆ ಮಿತಿ ಕುಸಿಯುತ್ತದೆ, ರ್ಯಾಮ್ ಖಾಲಿ ಇದ್ದಾಗಲೇ "ಔಟ್ ಆಫ್ ಮೆಮೊರಿ" ಅಂತ ಆಟ ಮುಚ್ಚಿಕೊಳ್ಳುತ್ತದೆ. ರ್ಯಾಮ್ ಕ್ಲೀನರ್, ರ್ಯಾಮ್ ಬೂಸ್ಟರ್ ಅನ್ನುವ ಸಾಫ್ಟ್‌ವೇರ್‌ಗಳದ್ದೂ ಇದೇ ಹಣೆಬರಹ. ಬೇಕಾದ್ದನ್ನೂ ಸೇರಿಸಿ ಹೊರಗೆ ತಳ್ಳಿ, ಖಾಲಿ ಜಾಗದ ಅಂಕಿ ತೋರಿಸಿ ಖುಷಿಪಡಿಸುತ್ತವೆ, ಅಷ್ಟೇ.

ಆಟಗಳ ಹಸಿವು ಬೆಳೆದ ಬಗೆ

ಬಹಳ ವರ್ಷ ಆಟಗಳಿಗೆ ಒಂದು ಗೋಡೆ ಇತ್ತು. 32 ಬಿಟ್ ಪ್ರೋಗ್ರಾಮ್ ಒಂದು ಎಣಿಸಬಲ್ಲ ಮೆಮೊರಿ ವಿಳಾಸಗಳು ಸುಮಾರು 429 ಕೋಟಿ, ಅಂದರೆ 4 ಜಿಬಿ. ಅದರಲ್ಲೂ ವಿಂಡೋಸ್ ಮಾಮೂಲಾಗಿ ಕೊಡುತ್ತಿದ್ದದ್ದು 2 ಜಿಬಿ. 2011ರ ಸ್ಕೈರಿಮ್ ಆ ಕಾಲದ್ದು, 2016ರ ಸ್ಪೆಷಲ್ ಎಡಿಶನ್‌ನಲ್ಲಿ ಅದು 64 ಬಿಟ್ ಆಯಿತು.

ಗೋಡೆ ಬಿದ್ದಮೇಲೆ ಆಟಗಳ ಅಳತೆಯನ್ನು ನಿರ್ಧರಿಸಿದ್ದು ಕನ್ಸೋಲ್‌ಗಳು. ದೊಡ್ಡ ಆಟಗಳನ್ನು ಕನ್ಸೋಲ್‌ಗೂ ಪಿಸಿಗೂ ಒಟ್ಟಿಗೇ ಮಾಡುತ್ತಾರೆ. 2013ರ ಪ್ಲೇಸ್ಟೇಶನ್ 4ರಲ್ಲಿ 8 ಜಿಬಿ ಇತ್ತು. ಜಿಟಿಎ 5 2015ರಲ್ಲಿ ಪಿಸಿಗೆ ಬಂದಾಗ ಕನಿಷ್ಠ 4, ಶಿಫಾರಸು 8 ಜಿಬಿ ಕೇಳಿತು. ಅದೇ ವರ್ಷದ ದಿ ವಿಚರ್ 3 ಕೇಳಿದ್ದು 6 ಮತ್ತು 8. 2019ರಲ್ಲಿ ರೆಡ್ ಡೆಡ್ ರಿಡೆಂಪ್ಶನ್ 2 ಬಂದಾಗ ಅದು 8 ಮತ್ತು 12 ಆಗಿತ್ತು. 2020ರಲ್ಲಿ 16 ಜಿಬಿಯ ಪ್ಲೇಸ್ಟೇಶನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬಂದವು, ಮೂರೇ ವರ್ಷದಲ್ಲಿ ಪಿಸಿಯವರಿಗೆ ಬಿಸಿ ತಟ್ಟಿತು. ಕನ್ಸೋಲ್‌ನಲ್ಲಿ ಆ 16 ಜಿಬಿ ಪ್ರೊಸೆಸರ್, ಗ್ರಾಫಿಕ್ಸ್ ಎರಡಕ್ಕೂ ಸೇರಿದ್ದು ಅನ್ನುವುದನ್ನು ಮರೆಯಬೇಡಿ. ಪಿಸಿಯಲ್ಲಿ ಎರಡೂ ಬೇರೆ ಬೇರೆ, ಮೇಲೆ ವಿಂಡೋಸ್ ಬೇರೆ.

ಈ ಏರಿಕೆಯನ್ನು ಒಂದೇ ಆಟದಲ್ಲಿ ನೋಡಬೇಕಾದರೆ ಸೈಬರ್‌ಪಂಕ್ 2077 ಇದೆ. 2020ರಲ್ಲಿ ಬಿಡುಗಡೆಯಾದಾಗ ಕನಿಷ್ಠ 8, ಶಿಫಾರಸು 12. 2023ರಲ್ಲಿ ಅದನ್ನೇ ಪರಿಷ್ಕರಿಸಿ ಕನಿಷ್ಠ 12, ಶಿಫಾರಸು 16, ಅಲ್ಟ್ರಾಗೆ 20, ರೇ ಟ್ರೇಸಿಂಗ್ ಓವರ್‌ಡ್ರೈವ್‌ಗೆ 24 ಜಿಬಿ ಅಂದರು. ರೇ ಟ್ರೇಸಿಂಗ್‌ಗೆ ಜಾಸ್ತಿ ಯಾಕೆ ಅಂದರೆ, ಬೆಳಕಿನ ಕಿರಣ ಎಲ್ಲಿ ತಾಗುತ್ತದೆ ಅಂತ ಹುಡುಕಲು ಇಡೀ ದೃಶ್ಯದ ಆಕಾರಗಳನ್ನು ಇನ್ನೊಂದು ರೀತಿಯಲ್ಲಿ ಜೋಡಿಸಿಟ್ಟುಕೊಳ್ಳಬೇಕು, ನಿಮ್ಮ ಬೆನ್ನ ಹಿಂದೆ ಇರುವ ವಸ್ತುಗಳನ್ನೂ ಸೇರಿಸಿ. ಕನ್ನಡಿಯಲ್ಲೋ ನೀರಿನಲ್ಲೋ ಅವು ಕಾಣಬೇಕಲ್ವಾ.

ಅಲನ್ ವೇಕ್ 2, ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ ಕನಿಷ್ಠವನ್ನೇ 16 ಮಾಡಿಕೊಂಡವು. ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್, ಡೂಮ್: ದ ಡಾರ್ಕ್ ಏಜಸ್ ಕನಿಷ್ಠ 16 ಇಟ್ಟು 32 ಶಿಫಾರಸು ಮಾಡಿದವು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024 ಎಲ್ಲರನ್ನೂ ಮೀರಿಸಿ ಕನಿಷ್ಠ 16, ಶಿಫಾರಸು 32, ಆದರ್ಶ 64 ಅನ್ನುತ್ತದೆ. ಇನ್ನೊಂದು ತುದಿಯಲ್ಲಿ ವ್ಯಾಲರಂಟ್ 4 ಜಿಬಿಯಲ್ಲಿ, ಕೌಂಟರ್ ಸ್ಟ್ರೈಕ್ 2 8 ಜಿಬಿಯಲ್ಲಿ ಓಡುತ್ತೇವೆ ಅನ್ನುತ್ತವೆ.

ಇಂಥ ಪಟ್ಟಿಗಳನ್ನು ಓದುವಾಗ ಸ್ವಲ್ಪ ಜಾಣತನ ಬೇಕು. ಶಿಫಾರಸು ಅಂತ ಬರೆದಿರುವುದು ಯಾವ ರೆಸಲ್ಯೂಶನ್‌ಗೆ, ಎಷ್ಟು ಫ್ರೇಮ್‌ಗೆ ಅಂತ ಕೆಳಗೆ ಚಿಕ್ಕದಾಗಿ ಇರುತ್ತದೆ. ಅದನ್ನು ನೋಡದೆ ಬರೀ ಅಂಕಿ ಹಿಡಿದುಕೊಂಡರೆ ಮೋಸ ಹೋಗುತ್ತೀರಿ. ಇನ್ನೊಂದು, ಆಟಕ್ಕೆ 16 ಬೇಕು ಅಂದರೆ 16 ಇರುವ ಯಂತ್ರ ಬೇಕು ಅಂತ ಅರ್ಥ, ಆಟವೇ 16 ತಿನ್ನುತ್ತದೆ ಅಂತಲ್ಲ.

ಹಾಗಾದರೆ ನಿಮಗೆ ಎಷ್ಟು

8 ಜಿಬಿ: ಹಳೇ ಆಟ, ಹಗುರ ಆಟಗಳಿಗೆ ನಡೆಯುತ್ತದೆ. ಭಾರಿ ಹೊಸ ಆಟಗಳಿಗೆ ಇದರ ಕಾಲ ಮುಗಿಯಿತು.

16 ಜಿಬಿ: ಬರೀ ಆಟಕ್ಕಷ್ಟೇ ಪಿಸಿ, ಆಡುವಾಗ ಬೇರೆಲ್ಲ ಮುಚ್ಚುತ್ತೀರಿ, ಗ್ರಾಫಿಕ್ಸ್ ಕಾರ್ಡ್ ಮಧ್ಯಮ ದರ್ಜೆಯದ್ದು ಅಂದರೆ ಇವತ್ತಿಗೂ ಹೆಚ್ಚಿನ ಆಟಗಳು ಚೆನ್ನಾಗಿಯೇ ಓಡುತ್ತವೆ. ಬೆಲೆ ಏರಿರುವ ಈ ಹೊತ್ತಿನಲ್ಲಿ 16ರಲ್ಲಿ ತೃಪ್ತಿಪಟ್ಟು ಉಳಿದ ದುಡ್ಡನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಹಾಕುವುದರಲ್ಲಿ ತಪ್ಪೇನಿಲ್ಲ, ನನ್ನನ್ನು ಕೇಳಿದರೆ ಅದೇ ಬುದ್ಧಿವಂತಿಕೆ. 8 ಜಿಬಿ ವಿಡಿಯೊ ರ್ಯಾಮ್ ಜೊತೆ 32 ಜಿಬಿ ರ್ಯಾಮ್ ಇರುವ ಪಿಸಿಗಿಂತ, 12 ಅಥವಾ 16 ಜಿಬಿ ವಿಡಿಯೊ ರ್ಯಾಮ್ ಜೊತೆ 16 ಜಿಬಿ ಇರುವ ಪಿಸಿ ಭಾರಿ ಆಟಗಳಲ್ಲಿ ಬಹಳ ಸಲ ವಾಸಿ. ರ್ಯಾಮ್ ನಾಳೆ ಸೇರಿಸಬಹುದು, ಕಾರ್ಡ್‌ನ ಮೆಮೊರಿಯನ್ನು ಸೇರಿಸಲಾಗದು.

32 ಜಿಬಿ: ಹೊಸ ಪಿಸಿ ಕಟ್ಟುತ್ತಿದ್ದು ನಾಲ್ಕೈದು ವರ್ಷ ಅದರಲ್ಲೇ ಕಾಲ ಕಳೆಯಬೇಕು, ರೇ ಟ್ರೇಸಿಂಗ್ ಬೇಕು, ಎರಡನೇ ಮಾನಿಟರ್‌ನಲ್ಲಿ ಬ್ರೌಸರ್ ತೆರೆದೇ ಇರುತ್ತದೆ, ಆಗಾಗ ಸ್ಟ್ರೀಮ್ ಮಾಡುತ್ತೀರಿ. ಹಾಗಿದ್ದರೆ ಇದು. ಇಲ್ಲಿಗೆ ರ್ಯಾಮ್ ಬಗ್ಗೆ ಯೋಚಿಸುವುದನ್ನೇ ಬಿಡಬಹುದು.

64 ಜಿಬಿ: ಫ್ಲೈಟ್ ಸಿಮ್ಯುಲೇಟರ್‌ನಲ್ಲೇ ಜೀವನ ಕಳೆಯುವವರು, ಸಿಟೀಸ್ ಸ್ಕೈಲೈನ್ಸ್‌ಗೆ ಸಾವಿರಾರು ಮಾಡ್‌ಗಳನ್ನು (ಆಟಕ್ಕೆ ಅಭಿಮಾನಿಗಳು ಮಾಡಿದ ಸೇರ್ಪಡೆಗಳು) ತುಂಬಿಸುವವರು, ಆಟದ ಜೊತೆಗೆ ವಿಡಿಯೊ ಎಡಿಟಿಂಗ್, ತ್ರೀಡಿ ಕೆಲಸ ಮಾಡುವವರು. ಉಳಿದವರಿಗೆ ಅದರ ಅರ್ಧ ಸದಾ ಖಾಲಿ.

ಈಗಿನ ತಲೆಮಾರಿನ ರ್ಯಾಮ್ ಆದ ಡಿಡಿಆರ್5ನಲ್ಲಿ (ಹಿಂದಿನದು ಡಿಡಿಆರ್4) 24 ಜಿಬಿ ಸ್ಟಿಕ್‌ಗಳೂ ಸಿಗುತ್ತವೆ, ಎರಡು ಹಾಕಿದರೆ 48. ಮಾಡ್ ಹುಚ್ಚಿನವರಿಗೆ 32 ಮತ್ತು 64ರ ನಡುವೆ ಅದೊಂದು ದಾರಿ.

ಮಾಡ್ ಅಂದಾಗ ನೆನಪಾಯಿತು, ಮೈನ್‌ಕ್ರಾಫ್ಟ್ ಜಾವಾ ಆವೃತ್ತಿ ಒಂದು ವಿಚಿತ್ರ ಪ್ರಾಣಿ. ಅದಕ್ಕೆ ಎಷ್ಟು ರ್ಯಾಮ್ ಅಂತ ನಾವೇ ಲಾಂಚರ್‌ನಲ್ಲಿ ಬರೆದು ಕೊಡಬೇಕು. ದೊಡ್ಡ ಮಾಡ್‌ಪ್ಯಾಕ್‌ಗೆ 6-8 ಜಿಬಿ ಬೇಕಾಗುತ್ತದೆ. ಹಾಗಂತ 20 ಕೊಟ್ಟರೆ ಕೆಲವೊಮ್ಮೆ ಉಲ್ಟಾ ಹೊಡೆಯುತ್ತದೆ. ಬೇಡದ್ದನ್ನು ಗುಡಿಸಿ ಹಾಕುವ ಕೆಲಸವನ್ನು ಜಾವಾ ಮುಂದೂಡುತ್ತಾ ಹೋಗಿ, ಒಮ್ಮೆಲೇ ಗುಡಿಸಲು ನಿಂತಾಗ ಆಟ ತಡೆಯುತ್ತದೆ.

ಕೊಳ್ಳುವ ಮೊದಲು ಅಳೆದು ನೋಡಿ

ಪಿಸಿ ಈಗಾಗಲೇ ಇದ್ದರೆ ಯಾರನ್ನೂ ಕೇಳಬೇಕಿಲ್ಲ. ನಿಮಗೆ ತೊಂದರೆ ಕೊಡುವ ಆಟವನ್ನೇ ತೆರೆದು, ಅದರ ಅತಿ ಗದ್ದಲದ ಜಾಗದಲ್ಲಿ ಅರ್ಧ ಗಂಟೆ ಆಡಿ. ಶುರುವಿನ ಮೆನುವಿನಲ್ಲಿ ನೋಡಿದರೆ ಪ್ರಯೋಜನ ಇಲ್ಲ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಒತ್ತಿ.

"ಇನ್ ಯೂಸ್" ಅನ್ನುವುದು ನಿಜವಾಗಿ ಬಳಕೆಯಲ್ಲಿರುವುದು. "ಅವೈಲೆಬಲ್" ಅಂದರೆ ಬೇಕೆಂದಾಗ ಸಿಗುವುದು. 16ರಲ್ಲಿ ಆಡುವಾಗ ಅವೈಲೆಬಲ್ 3-4 ಜಿಬಿ ಉಳಿದಿದ್ದರೆ ನಿಮಗೆ ರ್ಯಾಮ್ ತೊಂದರೆ ಇಲ್ಲ, ಮುಗ್ಗರಿಕೆಗೆ ಬೇರೆ ಕಾರಣ ಹುಡುಕಿ. ಅರ್ಧ ಜಿಬಿಗೆ ಇಳಿದಿದ್ದರೆ ಇದೆ. "ಕ್ಯಾಶ್ಡ್" ದೊಡ್ಡದಾಗಿ ಕಂಡರೆ ಹೆದರಬೇಡಿ, ಖಾಲಿ ಜಾಗ ಸುಮ್ನೆ ಯಾಕೆ ಬಿದ್ದಿರಲಿ ಅಂತ ವಿಂಡೋಸ್ ಹಳೇ ಫೈಲ್‌ಗಳನ್ನು ಅಲ್ಲಿಟ್ಟಿರುತ್ತದೆ, ಆಟ ಕೇಳಿದ ಕೂಡಲೇ ಬಿಟ್ಟುಕೊಡುತ್ತದೆ. "ಕಮಿಟೆಡ್" ಎದುರು ಎರಡು ಅಂಕಿ ಇರುತ್ತವೆ, ಮೊದಲನೆಯದು ಕಾದಿರಿಸಿದ್ದು, ಎರಡನೆಯದು ಮಿತಿ. ಎರಡೂ ಹತ್ತಿರಾದರೆ ಆಟ ಮುಚ್ಚಿಕೊಳ್ಳುವ ಅಪಾಯ.

ಅಲ್ಲೇ ಕೆಳಗೆ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಒತ್ತಿ "ಡೆಡಿಕೇಟೆಡ್ ಜಿಪಿಯು ಮೆಮೊರಿ" ನೋಡಿ. ಅದು ಅಂಚಿನ ತನಕ ತುಂಬಿ, ಪಕ್ಕದ "ಶೇರ್ಡ್" ಏರುತ್ತಿದ್ದರೆ ಕಳ್ಳ ಸಿಕ್ಕಿಬಿದ್ದ. ರ್ಯಾಮ್ ಕೊಳ್ಳಬೇಡಿ, ಟೆಕ್ಸ್ಚರ್ ಇಳಿಸಿ.

ಒಂದು ಎಚ್ಚರಿಕೆ: 32 ಜಿಬಿ ಇರುವ ಗೆಳೆಯನ ಪಿಸಿಯಲ್ಲಿ ಇದೇ ಆಟ 18 ಜಿಬಿ ತೋರಿಸಿತು, ಹಾಗಾಗಿ 16 ಸಾಲದು ಅಂತ ತೀರ್ಮಾನಿಸಬೇಡಿ. ಜಾಗ ಇದ್ದರೆ ಆಟವೂ ವಿಂಡೋಸೂ ಕಾಲು ಚಾಚಿಕೊಳ್ಳುತ್ತವೆ, ಇಲ್ಲದಿದ್ದರೆ ಮುದುರಿಕೊಂಡು ಕೆಲಸ ಮುಗಿಸುತ್ತವೆ.

ಅಳತೆ ಅಷ್ಟೇ ಅಲ್ಲ, ಹಾಕುವ ರೀತಿಯೂ ಮುಖ್ಯ

ಒಂದೇ 16 ಜಿಬಿ ಸ್ಟಿಕ್ ಹಾಕುವುದಕ್ಕೂ ಎರಡು 8 ಜಿಬಿ ಸ್ಟಿಕ್ ಹಾಕುವುದಕ್ಕೂ ವ್ಯತ್ಯಾಸ ಇದೆ. ಸಾಮಾನ್ಯ ಪಿಸಿಯ ಪ್ರೊಸೆಸರ್‌ಗೆ ಮೆಮೊರಿ ಚಾನೆಲ್, ಅಂದರೆ ರ್ಯಾಮ್‌ಗೆ ಹೋಗಿಬರುವ ದಾರಿ, ಎರಡು. ಒಂದೇ ಸ್ಟಿಕ್ ಇದ್ದರೆ ಒಂದು ಚಾನೆಲ್ ಖಾಲಿ ಕೂತಿರುತ್ತದೆ. ಡಿಡಿಆರ್4-3200 ಆದರೆ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ 25.6 ಜಿಬಿ, ಎರಡರಲ್ಲಿ 51.2 ಜಿಬಿ ಸಾಗಿಸಬಹುದು. ಡಿಡಿಆರ್5-6000 ಎರಡು ಚಾನೆಲ್‌ನಲ್ಲಿ 96 ಜಿಬಿ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಎರಡೇ ಸ್ಟಿಕ್ ಹಾಕುವುದಾದರೆ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಬೇಕು. ಅಕ್ಕಪಕ್ಕ ಚುಚ್ಚಿದರೆ ನೋಡಲು ಚೆಂದ, ಆದರೆ ಎರಡೂ ಒಂದೇ ಚಾನೆಲ್‌ಗೆ ಹೋಗಿ ಕೂರುತ್ತವೆ. ಬೋರ್ಡ್‌ನ ಕೈಪಿಡಿಯಲ್ಲಿ ಚಿತ್ರ ಇರುತ್ತದೆ, ಒಮ್ಮೆ ನೋಡಿ.

ಇದಕ್ಕಿಂತ ಜಾಸ್ತಿ ಜನ ಎಡವುವುದು ಎಕ್ಸ್‌ಎಂಪಿ ವಿಷಯದಲ್ಲಿ, ಅಂದರೆ ರ್ಯಾಮ್ ಮೇಲೆ ಬರೆದಿರುವ ಪೂರ್ತಿ ವೇಗ ಕೊಡುವ ಸೆಟ್ಟಿಂಗ್ ವಿಷಯದಲ್ಲಿ. 6000 ಅಂತ ಬರೆದಿರುವ ಡಿಡಿಆರ್5 ಕೊಂಡು ತಂದು ಹಾಕಿದರೂ ಅದು ತಾನಾಗಿ ಆ ವೇಗಕ್ಕೆ ಹೋಗುವುದಿಲ್ಲ, ಸಾಮಾನ್ಯವಾಗಿ 4800ರಲ್ಲೇ ಓಡುತ್ತಿರುತ್ತದೆ. ಬಯೋಸ್‌ಗೆ (ಪಿಸಿ ಶುರುವಾಗುವಾಗ ತೆರೆಯುವ ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ಎಕ್ಸ್‌ಎಂಪಿ, ಎಎಂಡಿ ಬೋರ್ಡ್ ಆದರೆ ಎಕ್ಸ್‌ಪೋ, ಆನ್ ಮಾಡಬೇಕು. ಕೊಟ್ಟ ದುಡ್ಡಿನ ವೇಗ ಸಿಗುತ್ತಿದೆಯಾ ಅಂತ ಟಾಸ್ಕ್ ಮ್ಯಾನೇಜರ್‌ನ ಅದೇ ಮೆಮೊರಿ ಪುಟದಲ್ಲಿ "ಸ್ಪೀಡ್" ಎದುರು ನೋಡಿದರೆ ಗೊತ್ತಾಗುತ್ತದೆ.

ಸಿಎಲ್ ಅನ್ನುವ ಇನ್ನೊಂದು ಅಂಕಿ ಇರುತ್ತದೆ, ರ್ಯಾಮ್‌ನ ಒಟ್ಟು ತಡದಲ್ಲಿ ಒಂದು ಪಾಲನ್ನು ಅದು ಹೇಳುತ್ತದೆ. ಸಿಎಲ್16 ಒಳ್ಳೆಯದು, ಸಿಎಲ್30 ಕೆಟ್ಟದು ಅಂತ ನೇರವಾಗಿ ಹೇಳಲಾಗದು. ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿ. ಡಿಡಿಆರ್4-3200 ಸಿಎಲ್16ಕ್ಕೆ 10 ನ್ಯಾನೊಸೆಕೆಂಡ್ ಬರುತ್ತದೆ. ಡಿಡಿಆರ್5-6000 ಸಿಎಲ್30ಕ್ಕೂ 10. ತಡ ಎರಡರದ್ದೂ ಒಂದೇ, ಸಾಗಿಸುವ ಪ್ರಮಾಣದಲ್ಲಿ ಎರಡನೆಯದು ಮುಂದೆ. ದೊಡ್ಡ ಕ್ಯಾಶ್ (ಪ್ರೊಸೆಸರ್ ಒಳಗೇ ಇರುವ ವೇಗದ ಮೆಮೊರಿ) ಇರುವ ಎಎಂಡಿಯ ಎಕ್ಸ್‌3ಡಿ ಪ್ರೊಸೆಸರ್‌ಗಳು ರ್ಯಾಮ್ ಕಡೆ ಕಡಿಮೆ ಓಡುವುದರಿಂದ ಅಲ್ಲಿ ರ್ಯಾಮ್ ವೇಗದ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ.

ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಎರಡಕ್ಕೂ 288 ಪಿನ್ನೇ ಇದ್ದರೂ ನಡುವಿನ ಕಚ್ಚು ಬೇರೆ ಕಡೆ ಇರುತ್ತದೆ. ಹಳೇ ಡಿಡಿಆರ್4 ಪಿಸಿ ಇದ್ದವರು ಬರೀ ಆಟಕ್ಕಾಗಿ ಬೋರ್ಡ್, ಪ್ರೊಸೆಸರ್, ರ್ಯಾಮ್ ಮೂರನ್ನೂ ಬದಲಿಸುವ ಮುಂಚೆ, ಇರುವುದಕ್ಕೇ ಇನ್ನೊಂದು ಜೋಡಿ ಡಿಡಿಆರ್4 ಸೇರಿಸಿ ನೋಡುವುದು ಒಳ್ಳೆಯದು.

ಲ್ಯಾಪ್‌ಟಾಪ್ ಮತ್ತು ಒಳಗೇ ಇರುವ ಗ್ರಾಫಿಕ್ಸ್

ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ನಲ್ಲೇ ಆಡುವವರಿಗೆ ಮೇಲಿನ ಲೆಕ್ಕ ಬದಲಾಗುತ್ತದೆ. ಅದಕ್ಕೆ ಸ್ವಂತ ವಿಡಿಯೊ ರ್ಯಾಮ್ ಇಲ್ಲ, ಸಿಸ್ಟಮ್ ರ್ಯಾಮ್‌ನಿಂದಲೇ ಪಾಲು ತೆಗೆದುಕೊಳ್ಳುತ್ತದೆ. 16ರಲ್ಲಿ 4 ಗ್ರಾಫಿಕ್ಸ್‌ಗೆ ಹೋದರೆ ಉಳಿದದ್ದು 12. ಚಿತ್ರ ಬಿಡಿಸುವ ಕೆಲಸವೂ ಅದೇ ರ್ಯಾಮ್ ಮೇಲೆ ಬೀಳುವುದರಿಂದ ಎರಡು ಸ್ಟಿಕ್ ಹಾಕುವುದು ಇಲ್ಲಿ ಕಡ್ಡಾಯ ಅನ್ನುವಷ್ಟು ಮುಖ್ಯ. ಫ್ರೇಮ್ ರೇಟ್‌ನಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬರುತ್ತದೆ.

ಲ್ಯಾಪ್‌ಟಾಪ್ ಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆ ರ್ಯಾಮ್ ಬಿಚ್ಚಿ ಹಾಕುವಂಥದ್ದಾ, ಬೋರ್ಡಿಗೇ ಬೆಸುಗೆ ಹಾಕಿದ್ದಾ ಅಂತ. ಬೆಸುಗೆ ಹಾಕಿದ್ದಾದರೆ ಕೊಂಡ ದಿನ ಎಷ್ಟಿತ್ತೋ ಕೊನೆವರೆಗೂ ಅಷ್ಟೇ, ಅಂಥದ್ದರಲ್ಲಿ 16ಕ್ಕೆ ನಿಲ್ಲುವ ಮುನ್ನ ಎರಡು ಸಲ ಯೋಚಿಸಿ. ಸ್ಲಾಟ್ ಇದ್ದರೆ ಈಗ 16 ತೆಗೆದುಕೊಂಡು ಬೆಲೆ ಇಳಿದಾಗ ಏರಿಸಬಹುದು.

ಏರಿಸುವಾಗ

ಹಳೇ ಸ್ಟಿಕ್ ಜೊತೆ ಬೇರೆ ಕಂಪನಿಯ ಸ್ಟಿಕ್ ಸೇರಿಸಿದರೆ ನಡೆಯುತ್ತದಾ? ಬಹಳ ಸಲ ನಡೆಯುತ್ತದೆ, ಆದರೆ ಎಲ್ಲವೂ ನಿಧಾನವಾದ ಸ್ಟಿಕ್‌ನ ವೇಗಕ್ಕೆ ಇಳಿಯುತ್ತವೆ, ಕೆಲವೊಮ್ಮೆ ಎಕ್ಸ್‌ಎಂಪಿ ಹಾಕಿದರೆ ಪಿಸಿ ಶುರುವೇ ಆಗುವುದಿಲ್ಲ. ಡಿಡಿಆರ್5ನಲ್ಲಿ ನಾಲ್ಕು ಸ್ಟಿಕ್ ತುಂಬಿಸಿದರೆ ಎರಡರಲ್ಲಿ ಸಿಗುತ್ತಿದ್ದ ವೇಗ ಬಹಳ ಸಲ ಸಿಗುವುದಿಲ್ಲ. ಹಾಗಾಗಿ ಡಿಡಿಆರ್5 ಪಿಸಿಯನ್ನು ಮುಂದೊಂದು ದಿನ 32ಕ್ಕೆ ಏರಿಸುವ ಯೋಚನೆ ಇದ್ದರೆ, ಈಗಿನ ಎರಡು 8ರ ಜೊತೆ ಇನ್ನೆರಡು 8 ಸೇರಿಸುವುದಕ್ಕಿಂತ, ಅವನ್ನು ಮಾರಿ 16ರ ಒಂದು ಜೋಡಿ ತರುವುದು ತಲೆನೋವು ಕಮ್ಮಿ. ಹೊಸ ಸ್ಟಿಕ್ ಹಾಕಿದ ದಿನವೇ ಆಟಕ್ಕೆ ಕೂರಬೇಡಿ. ಮೆಮ್‌ಟೆಸ್ಟ್86 ಅಂತ ಒಂದು ಉಚಿತ ಸಾಧನ ಇದೆ, ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಲು ಬಿಡಿ. ಬೆಳಗ್ಗೆ ಒಂದೇ ಒಂದು ಎರರ್ ಕಂಡರೂ ಮೊದಲು ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಪರೀಕ್ಷಿಸಿ. ಆಗಲೂ ಬಂದರೆ ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿ, ಎರರ್ ತೋರಿಸಿದ್ದನ್ನು ವಾರಂಟಿಗೆ ಕಳಿಸಿ.